ಪವರ್ ತ್ಯಜಿಸಿದ ಸಾವ್ಕಾರ್ರು

ಕಾರಿಗೆ ಇಲ್ಲದ್ದನ್ನು ಹಾಕಿಸುವವರನ್ನು ನಮ್ಮ ಹಗರಿಬೊಮ್ಮನಹಳ್ಳಿ ಬೇಕಾದಷ್ಟು ಕಂಡಿದೆ. ಮುಂದೊಂದು ಉಕ್ಕಿನ ಬಂಪರು, ಒಳಗೊಂದು ಊರು ಎಬ್ಬಿಸುವ ಹಾರ್ನು, ಹಿಂದಿನ ಗಾಜಿನ ತುಂಬ ಮನೆದೇವರ ಹೆಸರು. ಕಂಪನಿಯವರು ಕೊಟ್ಟದ್ದನ್ನು ದುಡ್ಡು ಕೊಟ್ಟು ಕೀಳಿಸಿದವರು ಮಾತ್ರ ನಮ್ಮ ಸಾವ್ಕಾರ್ರೊಬ್ಬರೇ. ಕೀಳಿಸಿದ್ದು ಪವರ್ ಸ್ಟೇರಿಂಗು.

ಕಾರೂ ಅಂಥಿಂಥದ್ದಲ್ಲ. ಫಿಯೆಟ್ ಪಾಲಿಯೊ, ಅದರಲ್ಲೂ 1.6 ಜಿಟಿಎಕ್ಸ್. 2001ರಲ್ಲಿ ಬಂದದ್ದು, ಜಾಹೀರಾತಿಗೆ ಸಚಿನ್ ತೆಂಡೂಲ್ಕರ್ ನಿಂತಿದ್ದರು, ಎಂಜಿನ್ನಿನ ಕಸುವು ನೂರು ಕುದುರೆಯದು. ಅಷ್ಟು ಚಿಕ್ಕ ಕಾರಿಗೆ ಅಷ್ಟು ಕುದುರೆ ಕಟ್ಟುವುದು ಆಗ ಈ ದೇಶದಲ್ಲಿ ಅಪರೂಪ. ಪೆಟ್ರೋಲು ಕುಡಿಯುವುದರಲ್ಲಿ ಆ ಕುದುರೆಗಳೇನೂ ಹಿಂದೆ ಬೀಳಲಿಲ್ಲವಾದ್ದರಿಂದ ಬಹಳ ಮಂದಿ ಬೇಗ ಮಾರಿಕೊಂಡರು. ಹಾಗೆ ಮಾರಿದ ಒಂದು ಗಾಡಿ ಕೈಯಿಂದ ಕೈಗೆ ದಾಟಿ ಸಾವ್ಕಾರ್ರ ಗೊಬ್ಬರದಂಗಡಿ ಮುಂದೆ ಬಂದು ನಿಂತಿತು.

ರೋಗ ಹತ್ತಿದ್ದು ಒಂದು ಮದುವೆಯ ಪಂಕ್ತಿಯಲ್ಲಿ. ಪಕ್ಕದೆಲೆಗೆ ಕೂತ ಬೆಂಗಳೂರಿನ ಯಾರೋ ರ‍್ಯಾಲಿ ಹುಚ್ಚಿನವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ಪವರ್ ಸ್ಟೇರಿಂಗ್ ಇದ್ದರೆ ರಸ್ತೆಯ 'ಫೀಲ್' ಕೈಗೆ ಸಿಗುವುದಿಲ್ಲ ಅಂದರಂತೆ. ಫೆರಾರಿಯ ಎಫ್ 40 ಕಾರಿಗೆ ಅದು ಇರಲೇ ಇಲ್ಲ, ಪೋರ್ಶೆಯವರು ತಮ್ಮ 911ಕ್ಕೆ ಅದನ್ನು ಕೊಟ್ಟದ್ದೇ 1989ರಲ್ಲಿ ಅಂತಲೂ ಸೇರಿಸಿದರು. ಎರಡೂ ನಿಜವೇ. ಸಾವ್ಕಾರ್ರು ಮಜ್ಜಿಗೆಗೂ ಕಾಯದೆ ಎದ್ದರು.

"ರಸ್ತಿ ಮಾತಾಡತೈತ್ರಿ. ನಾವು ಕಿವಿ ಮುಚ್ಚಿಕೊಂಡು ಹೊಂಟೀವಿ" ಎನ್ನುವುದು ಅಂದಿನಿಂದ ಅವರ ಪಲ್ಲವಿಯಾಯಿತು. ಮಳೆಗಾಲ ಮುಗಿದ ಮೇಲೆ ನಮ್ಮ ಕಡೆಯ ರಸ್ತೆಗಳು ಆಡುವ ಮಾತು ಹೆಣ್ಣುಮಕ್ಕಳ ಮುಂದೆ ಹೇಳುವಂಥದ್ದಲ್ಲ. ಅದನ್ನು ದುಡ್ಡು ಕೊಟ್ಟು ಕೇಳಿಸಿಕೊಳ್ಳಬೇಕೆ ಎಂದು ಅಂಗಡಿಯ ಗುಮಾಸ್ತರು ಕೇಳಬೇಕೆಂದಿದ್ದರು. ಸಂಬಳದ ದಿನವಾದ್ದರಿಂದ ಕೇಳಲಿಲ್ಲ.

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುವ ತಂಗಿಯ ಮಗ ಮಾತ್ರ ಬಾಯಿ ಬಿಟ್ಟ. "ಮಾವ, ಫೆರಾರಿ ಎಂಜಿನ್ನು ಹಿಂದ ಐತಿ, ಮುಂದಿನ ಗಾಲಿ ಹಗುರ. ನಿಮ್ಮ ಪಾಲಿಯೊಕ್ಕ ಎಂಜಿನ್ನು, ಗೇರ್ ಡಬ್ಬಿ ಎಲ್ಲಾ ಮುಂದಿನ ಗಾಲಿ ಮ್ಯಾಲೆ ಕುಂತಾವ. ಅಷ್ಟ್ಯಾಕ, ಫಾರ್ಮುಲಾ ಒನ್ ಕಾರಿಗೇ ಪವರ್ ಸ್ಟೇರಿಂಗ್ ಐತಿ." ಸಾವ್ಕಾರ್ರು ಕನ್ನಡಕ ಒರೆಸಿಕೊಂಡು, "ಅದಕ್ಕ ಈಗಿನ ಫಾರ್ಮುಲಾ ಒನ್ನಿನಾಗ ಮಜಾ ಇಲ್ಲ" ಅಂದರು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವಂತಿಲ್ಲ ಎಂದೂ ಹುಡುಗ ಎಚ್ಚರಿಸಿದ. "ಸೇರಿಸಿದ್ರ ತಪ್ಪು. ತೆಗೆದ್ರ ಏನು ತಪ್ಪು?" ಎಂದು ಸಾವ್ಕಾರ್ರು ಹೊಸಪೇಟೆಯ ಆರ್‌ಟಿಒ ಕಚೇರಿಯ ಪರವಾಗಿ ತಾವೇ ತೀರ್ಪು ಕೊಟ್ಟರು.

ಅವರ ಲೆಕ್ಕ ಬೇರೆಯೇ ಇತ್ತು. ಸ್ಟೇರಿಂಗಿಗೆ ಎಣ್ಣೆ ತಳ್ಳುವ ಪಂಪು ತಿರುಗುವುದು ಎಂಜಿನ್ನಿನ ಬೆಲ್ಟಿನಿಂದಲೇ. "ನನ್ನ ನೂರು ಕುದುರಿಯೊಳಗ ಎರಡು ಕುದುರಿ ಬರೇ ಸ್ಟೇರಿಂಗ್ ತಿರುವಾಕ ಹೋದ್ರ ನನಗೇನು ಉಳೀತು?" ಉದ್ರಿ ಬಾಕಿಯಲ್ಲಿ ಲಕ್ಷಗಟ್ಟಲೆ ಬಿಟ್ಟುಕೊಂಡ ಮನುಷ್ಯ ಎರಡು ಕುದುರೆಗೆ ಹೀಗೆ ಕೊರಗುವುದನ್ನು ನೋಡಿ ಗ್ಯಾರೇಜಿನ ಮೇಸ್ತ್ರಿಗೆ ಕರುಳು ಚುರ್ ಅಂದಿರಬೇಕು. ಅವನು ಯಾವುದಕ್ಕೂ ಇಲ್ಲವೆಂದವನಲ್ಲ. ಪಂಪು ಬಿಚ್ಚಿದ, ಬೆಲ್ಟು ತೆಗೆದ, ಗಾಲಿ ತಿರುಗಿಸುವ ರ‍್ಯಾಕಿಗೆ ಹೋಗುವ ಪೈಪುಗಳ ಬಾಯಿಗೆ ಬಾಯಿ ಕೂಡಿಸಿ ಕಟ್ಟಿದ. "ಆತು ಸಾವ್ಕಾರ್ರ, ಇನ್ನ ನೀವು ಉಂಟು, ರಸ್ತಿ ಉಂಟು."

ಅಸಲು ಎಡವಟ್ಟಾದದ್ದು ಇಲ್ಲಿಯೇ, ತುಸು ನಿಂತು ಹೇಳಬೇಕು. ಪವರ್ ಸ್ಟೇರಿಂಗಿನ ದಂಡದ ತುದಿಯಲ್ಲಿ ಟಾರ್ಶನ್ ಬಾರ್ ಎಂಬ ತೆಳ್ಳಗಿನ ಸರಳೊಂದಿರುತ್ತದೆ. ನಾವು ಸ್ಟೇರಿಂಗ್ ಚಕ್ರ ತಿರುವಿದಾಗ ಮೊದಲು ಅದು ತುಸು ತಿರುಚಿಕೊಂಡು ವಾಲ್ವ್ ತೆರೆಯುತ್ತದೆ. ಎಣ್ಣೆ ಆ ಕಡೆ ನುಗ್ಗಿ ರ‍್ಯಾಕಿನೊಳಗಿನ ಪಿಸ್ಟನ್ನನ್ನು ತಳ್ಳುತ್ತದೆ. ಪಂಪು ಹೋದರೂ ಸರಳು ತಿರುಚಿಕೊಳ್ಳುವ ಚಟ ಬಿಡುವುದಿಲ್ಲ. ಪಿಸ್ಟನ್ನೂ ಇದ್ದಲ್ಲೇ ಇದ್ದು, ಒಳಗುಳಿದ ಎಣ್ಣೆಯನ್ನೋ ಗಾಳಿಯನ್ನೋ ಸುಮ್ಮನೆ ಆಚೆಯಿಂದ ಈಚೆಗೆ ನೂಕುತ್ತಾ ಕೂರುತ್ತದೆ. ಆ ಕೂಲಿಯನ್ನೂ ನಮ್ಮ ರಟ್ಟೆಯೇ ತುಂಬಬೇಕು. ಬಲ್ಲವರು ರ‍್ಯಾಕನ್ನು ಪೂರ್ತಿ ಬಿಚ್ಚಿ ಪಿಸ್ಟನ್ನಿನ ಸೀಲು ತೆಗೆದು, ಸರಳನ್ನು ಅಲುಗದಂತೆ ವೆಲ್ಡ್ ಮಾಡಿಸಿ, ಎಣ್ಣೆಯ ಜಾಗಕ್ಕೆ ಗ್ರೀಸು ತುಂಬುತ್ತಾರೆ. ಇಷ್ಟಾದರೂ ಚಕ್ರ ಹಗುರಾಗುವುದಿಲ್ಲ. ಪವರ್ ಇರುವ ರ‍್ಯಾಕಿನಲ್ಲಿ ಚಕ್ರವನ್ನು ಕಡಿಮೆ ಸುತ್ತು ತಿರುವಿದರೆ ಸಾಕು, ಕೈಬಲದ ರ‍್ಯಾಕಿಗೆ ಸುತ್ತು ಹೆಚ್ಚು, ಭಾರ ಕಡಿಮೆ. ಸಾವ್ಕಾರ್ರಿಗೆ ಸಿಕ್ಕಿದ್ದು ಎರಡರ ಕಷ್ಟ ಮಾತ್ರ. ಫೀಲ್ ಹುಡುಕಿ ಹೊರಟವರಿಗೆ ಚಕ್ರದ ಮಧ್ಯದಲ್ಲಿ ಮೊದಲಿಲ್ಲದ ಒಂದು ಸಡಿಲು ದಕ್ಕಿತು.

ಇದು ಸಾಲದೆಂದು ಅವರು ಕಂಪನಿಯ ಚಕ್ರ ತೆಗೆಸಿ ಅಂಗೈಯಗಲದ ಸ್ಪೋರ್ಟ್ಸ್ ಚಕ್ರ ಹಾಕಿಸಿದರು, ಗಾಲಿಗಳಿಗೆ ಅಗಲ ಟೈರು ಕೂರಿಸಿದರು. ಚಕ್ರ ಚಿಕ್ಕದಾದಷ್ಟೂ ಬಲ ಹೆಚ್ಚು ಬೇಕು, ಟೈರು ಅಗಲವಾದಷ್ಟೂ ನಿಂತಲ್ಲಿ ತಿರುಗಲು ಮೊಂಡು ಹಿಡಿಯುತ್ತದೆ. ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ 1997ರಲ್ಲಿ ದಾವಣಗೆರೆಗೆ ಹೋದದ್ದು ತಿರುಗಿ ಬಳ್ಳಾರಿಗೆ ಬಂದದ್ದು 2018ರಲ್ಲಿ. ಬಸ್ ಸ್ಟ್ಯಾಂಡ್ ಮುಂದೆ ಸಾವ್ಕಾರ್ರ ಕಾರು ಯೂ ಟರ್ನ್ ಶುರು ಮಾಡಿದರೆ ಹಿಂದಿನ ಆಟೊದವರು ಈ ಇತಿಹಾಸವನ್ನು ನೆನೆದುಕೊಂಡು ಎಂಜಿನ್ ಆರಿಸುತ್ತಾರೆ.

ಒಗ್ಗರಣಿ ಮಿರ್ಚಿ ಹೋಟೆಲಿನಲ್ಲಿ ಅವರಿಗೆ ಸಮನಾಗಿ ನಿಂತವರು ಒಬ್ಬರೇ, ಸಾರಿಗೆ ಸಂಸ್ಥೆಯ ನಿವೃತ್ತ ಡ್ರೈವರಣ್ಣ. ಕೆಎಸ್‌ಆರ್‌ಟಿಸಿ ಆಗಿದ್ದಾಗ ಸೇರಿ, 2000ದಲ್ಲಿ ಅದು ಈಶಾನ್ಯ ಸಾರಿಗೆಯಾದದ್ದನ್ನು ಕಂಡು, 2021ರಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆಯಾಗುವ ಮುಂಚೆ ಇಳಿದವರು. ಮೊರದಗಲದ ಬಸ್ಸಿನ ಚಕ್ರವನ್ನು ಹೊಸಪೇಟೆ ದಾರಿಯುದ್ದಕ್ಕೂ ಎದ್ದು ನಿಂತು ತಿರುವಿದ ಭುಜ ಅವರದು. ಈಗ ಆ ಭುಜ ಅಂಗಿ ತೊಡಲೂ ಏಳುವುದಿಲ್ಲ.

"ಅಲ್ರೀ ಸಾವ್ಕಾರ್ರ, ನಮಗ ಪವರ್ ಗಾಡಿ ಕೊಡ್ರಿ ಅಂತ ಡಿಪೊದಾಗ ಕೈ ಮುಗಿದು ಮುಗಿದು ರಿಟೈರ್ ಆದ್ವಿ. ನೀವು ರೊಕ್ಕ ಕೊಟ್ಟು ತೆಗೆಸೀರಿ?"

"ನಿಮಗ ಫೀಲ್ ಸಿಕ್ಕಿತ್ತು, ಬೆಲಿ ಗೊತ್ತಾಗ್ಲಿಲ್ಲ. ಕೊಟ್ಟೂರು ತೇರಿಗೆ ಪವರ್ ಸ್ಟೇರಿಂಗ್ ಐತೇನು? ಗಾಲಿಗೆ ಮರದ ತುಂಡು ಕೊಟ್ಟು ತಿರುವತಾರ ಇಲ್ಲ?"

"ತಿರುವತಾರ. ತೇರಿನ ಮ್ಯಾಲೆ ಕುಂತ ಕೊಟ್ಟೂರೇಶ ತಾನ ಬಂದು ತುಂಡು ಕೊಡೋದಿಲ್ಲ, ಕೆಳಗ ಮಂದಿ ಇರತಾರ."

ಮಾತು ನಾಟಬೇಕಾದ ಜಾಗಕ್ಕೇ ನಾಟಿತು, ನಾಟಿಸಿಕೊಂಡವರಿಗೆ ಗೊತ್ತಾಗಲಿಲ್ಲ ಅಷ್ಟೆ. ಯಾಕೆಂದರೆ ಸಾವ್ಕಾರ್ರ ಕಾರನ್ನು ಗಲ್ಲಿಯೊಳಗೆ ಹಿಂದೆ ಮುಂದೆ ಮಾಡಿ ನಿಲ್ಲಿಸುವವನು ಅಂಗಡಿಯ ಹಮಾಲಿ ಹುಡುಗ. ಅವರು ಹಾದಿಯ ನೇರ ಭಾಗವನ್ನಷ್ಟೇ ಓಡಿಸುತ್ತಾರೆ. ಗಾಡಿ ನಲವತ್ತು ದಾಟಿದ ಮೇಲೆ ಯಾವ ಸ್ಟೇರಿಂಗೂ ಹಗುರವೇ, ಅವರ ಫೀಲ್ ಎಲ್ಲ ಅಲ್ಲಿನದು. ತಿರುವು ಬಂತೋ, ಬೀಡಿ ನಂದಿಸಿ ಹುಡುಗ ಬರಬೇಕು. ಹೊಲದ ಬೋರಿನ ಮೋಟಾರು ಚಾಲೂ ಮಾಡಲು ಅವರು ಹಾಸಿಗೆ ಬಿಟ್ಟೇಳುವುದಿಲ್ಲ, ಮೊಬೈಲ್ ಸ್ಟಾರ್ಟರ್ ಇದೆ. ಮನೆಯ ಟ್ರ್ಯಾಕ್ಟರಿಗೆ ಪವರ್ ಸ್ಟೇರಿಂಗೇ ಬೇಕೆಂದು ಹಟ ಹಿಡಿದು ಹೆಚ್ಚಿನ ದುಡ್ಡು ಕೊಟ್ಟು ತಂದವರೂ ಅವರೇ. ಅದಿಲ್ಲದಿದ್ದರೆ ಆಳುಗಳು ನಿಲ್ಲುವುದಿಲ್ಲವಂತೆ.

ಈಚೆಗೆ ಅವರ ಕಣ್ಣು ಬ್ರೇಕು ಹಗುರ ಮಾಡುವ ಬೂಸ್ಟರಿನ ಮೇಲೆ ಬಿದ್ದಿದೆ. ಕಾಲಿಗೂ ಫೀಲ್ ಬೇಕಲ್ಲ. ಯಾವುದಕ್ಕೂ ಇಲ್ಲವೆನ್ನದ ಮೇಸ್ತ್ರಿ ಈ ಸಲ ಪಾನಾ ಕೆಳಗಿಟ್ಟು, "ಇದಕ್ಕ ಅಮ್ಮಾರ ಸಹಿ ಬೇಕ್ರಿ. ಆಪರೇಷನ್ ಮುಂಚೆ ದವಾಖಾನ್ಯಾಗ ತಗೋತಾರಲ್ಲ, ಹಂಗ" ಅಂದ.

ಸಾವ್ಕಾರತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು. "ಸಹಿ ಹಾಕತೀನಿ. ಆದ್ರ ಮೊದಲು ಮನ್ಯಾಗಿನ ಮಿಕ್ಸಿ ತೆಗೆಸ್ರಿ. ಶೇಂಗಾ ಚಟ್ನಿ ಇನ್ನ ಒರಳಿನ್ಯಾಗ ಆಗಲಿ."

ಸಾವ್ಕಾರ್ರ ಮುಖ ಅರಳಿತು. ಮನೆಯಲ್ಲೇ ಒಬ್ಬರು ತಮ್ಮ ಮಾತು ತಿಳಿದವರು ಸಿಕ್ಕರಲ್ಲ! ಒರಳಿನ ಚಟ್ನಿಯ ರುಚಿಯೇ ಬೇರೆ, ಮಿಕ್ಸಿಗೆ ಆ ಹದ ಎಲ್ಲಿಂದ ಬರಬೇಕು ಎಂದು ಹೋಟೆಲಿಗೆ ಬಂದು ಎಲ್ಲರಿಗೂ ಹೇಳಿದರು. ಯಾರು ರುಬ್ಬಬೇಕೆಂಬುದನ್ನು ಅವರೂ ಹೇಳಲಿಲ್ಲ, ಡ್ರೈವರಣ್ಣನೂ ಕೇಳಲಿಲ್ಲ. ಇನ್ನೊಂದು ಪ್ಲೇಟ್ ಮಿರ್ಚಿ ತರಿಸಿದರು.