ನಂಜಿನ ರಾಯರು

ಬಸವನಗುಡಿಯಿಂದ ವಿಜಯನಗರದವರೆಗೆ, ಬೆಂಗಳೂರಿನ ಯಾವ ಪಾರ್ಕಿಗೆ ಬೆಳಗ್ಗೆ ಆರಕ್ಕೆ ಹೋದರೂ ರಾಯರು ಸಿಗುತ್ತಾರೆ. ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಾರೆ. ಒಂದಲ್ಲ, ಎರಡಲ್ಲ, ಸಾಲಾಗಿ ಹನ್ನೊಂದು ಸೀನು. ಹನ್ನೆರಡನೆಯದು ಬಂದೀತೆಂದು ಮೂಗೆತ್ತಿ, ಬಾಯಿ ತೆರೆದು, ಆಕಾಶ ನೋಡುತ್ತ ನಿಂತ ಮಂಕಿ ಕ್ಯಾಪಿನ ಮನುಷ್ಯ ಇವರೇ. ಅದು ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಕರವಸ್ತ್ರ ಮಡಚಿ, ಪಕ್ಕದವರಿಗೆ ಹೇಳುತ್ತಾರೆ: "ಇಮ್ಯುನಿಟಿ ಬೆಳೆಸ್ಕೋಬೇಕು ಸ್ವಾಮಿ. ಈಗಿನ ಹುಡುಗರಿಗೆ ಅದೇ ಇಲ್ಲ."

ರಾಯರು ಬ್ಯಾಂಕಿನಿಂದ ನಿವೃತ್ತರಾದವರು. ಹಾಗಾಗಿ ರೋಗನಿರೋಧಕ ಶಕ್ತಿಯನ್ನೂ ಫಿಕ್ಸೆಡ್ ಡಿಪಾಸಿಟ್ಟಿನಂತೆಯೇ ಕಾಣುತ್ತಾರೆ, ಇಟ್ಟಷ್ಟೂ ಲಾಭ. ಬೆಳಗ್ಗೆ ಅಮೃತಬಳ್ಳಿ ಕಷಾಯ, ಹತ್ತಕ್ಕೆ ನೆಲ್ಲಿಕಾಯಿ ರಸ, ಮಧ್ಯಾಹ್ನ ದೊಡ್ಡಪತ್ರೆ ತಂಬುಳಿ, ರಾತ್ರಿ ಅರಿಶಿನದ ಹಾಲು. ಇಷ್ಟಾದರೂ ಸೀನು ನಿಂತಿಲ್ಲವಲ್ಲ ಎಂದರೆ, "ಇಷ್ಟು ತಗೊಂಡಿದ್ದಕ್ಕೇ ಬರೀ ಸೀನಲ್ಲಿ ಹೋಗ್ತಿದೆ" ಎನ್ನುತ್ತಾರೆ. ಸೊಸೆ ಒಮ್ಮೆ ಧೈರ್ಯ ಮಾಡಿ, "ಮಾವ, ನಿಮಗೆ ಇಮ್ಯುನಿಟಿ ಕಮ್ಮಿಯಾಗಿಲ್ಲ, ಜಾಸ್ತಿಯಾಗಿದೆ" ಎಂದಳು. ರಾಯರು ಅದನ್ನು ಹೊಗಳಿಕೆಯೆಂದುಕೊಂಡು ತಿಂಗಳಿಡೀ ಪಾರ್ಕಿನಲ್ಲಿ ಹೇಳಿಕೊಂಡು ತಿರುಗಿದರು.

ಸೊಸೆ ಹೇಳಿದ್ದು ಬಹುಮಟ್ಟಿಗೆ ಸರಿ. ಆದರೆ ರಾಯರ ನಿಘಂಟಿನಲ್ಲಿ ನೆಗಡಿ, ತುರಿಕೆ, ಕೀವು, ಪಿತ್ತದ ಗಂದೆ ಎಲ್ಲಕ್ಕೂ ಇರುವುದು ಒಂದೇ ಪದ: ನಂಜು. ಹೊರಗಿನಿಂದ ಬಂದು ಕಾಡುವ ಸೋಂಕೂ ನಂಜೇ, ಒಳಗಿನವರೇ ಸುಮ್ಮಸುಮ್ಮನೆ ರೇಗಿ ಎಬ್ಬಿಸುವ ರಂಪವೂ ನಂಜೇ.

ನಿಜವಾದ ನೆಗಡಿಗೆ ಹೊರಗಿನ ನೆಂಟ ಬೇಕು. ಹೆಚ್ಚಿನ ಸಲ ಅದು ರೈನೋವೈರಸ್. ಬಸ್ಸಿನ ಕಂಬಿ ಹಿಡಿದ ಕೈ ಮೂಗಿಗೋ ಕಣ್ಣಿಗೋ ಹೋದರೆ ಸಾಕು, ಮೂಗಿನ ಒಳಪದರದ ಕೋಶಕ್ಕೆ ಅಂಟಿಕೊಂಡು, ಒಳಗೆ ನುಸುಳಿ, ಆ ಕೋಶದ ಸಾಮಾನಿನಲ್ಲೇ ತನ್ನ ನಕಲುಗಳನ್ನು ಮಾಡಿಕೊಳ್ಳುತ್ತದೆ. ಗಂಟಲು ಕೆರೆಯಲು ಸಾಮಾನ್ಯವಾಗಿ ಒಂದೆರಡು ದಿನ ಹಿಡಿಯುತ್ತದೆ. ಆಮೇಲೆ ಮೈಕೈ ನೋವು, ವಾರ ಹತ್ತು ದಿನ ಕಾಟ, ಬಿಡುಗಡೆ. ರಾಯರ ಸೀನಿಗೆ ಅಷ್ಟು ತಾಳ್ಮೆಯಿಲ್ಲ. ಅಟ್ಟದ ಹಳೇ ರಗ್ಗು ಕೊಡವಿದ ಐದು ನಿಮಿಷಕ್ಕೆ ಶುರು. ಜ್ವರವಿಲ್ಲ, ಕಣ್ಣು ತುರಿಸುತ್ತದೆ, ಮೂಗು ನಲ್ಲಿಯಾಗುತ್ತದೆ, ಬಿಸಿಲೇರುವಷ್ಟರಲ್ಲಿ ಮುಕ್ತಾಯ. ಆದರೂ ಅಳಿಯ ಹೋದ ವರ್ಷ ಅರ್ಧಕ್ಕೆ ಬಿಟ್ಟ ಆ್ಯಂಟಿಬಯಾಟಿಕ್ ಸ್ಟ್ರಿಪ್ಪಿನಿಂದ ಎರಡು ಮಾತ್ರೆ ಒಳಗೆ ಹೋಗುತ್ತವೆ. ಅವು ಬ್ಯಾಕ್ಟೀರಿಯಾಕ್ಕೆ ಮದ್ದು. ವೈರಸ್ಸನ್ನೂ ಮುಟ್ಟವು, ರಗ್ಗಿನ ಧೂಳನ್ನೂ ಮುಟ್ಟವು. ಒಂಬತ್ತಕ್ಕೆ ಸೀನು ತಾನಾಗಿ ನಿಲ್ಲುತ್ತದೆ, ಕೀರ್ತಿ ಮಾತ್ರೆಗೆ ಸೇರುತ್ತದೆ.

ರಗ್ಗಿನ ಧೂಳಿನಲ್ಲಿರುವುದು ಅರ್ಧ ಮಿಲಿಮೀಟರೂ ಇಲ್ಲದ ನುಸಿಗಳ ಹಿಕ್ಕೆ. ಆ ನುಸಿಗಳಿಗೆ ಆಹಾರ ನಮ್ಮ ಮೈಯಿಂದ ಉದುರಿದ ಚರ್ಮದ ಹೊಟ್ಟು. ಎಂದರೆ ಅವು ಉಂಡದ್ದು ರಾಯರ ಅನ್ನವೇ. ಇದನ್ನು ಅವರಿಗೆ ಇನ್ನೂ ಯಾರೂ ಹೇಳಿಲ್ಲ.

ದೇಹ ಇಂಥ ನಿರುಪದ್ರವಿ ಧೂಳಿನ ಮೇಲೆ ರೇಗುವ ರೀತಿ ಥೇಟ್ ಗಂಡಿನ ಕಡೆಯ ಬೀಗರದ್ದು. ಮೊದಲ ಭೇಟಿಯಲ್ಲಿ ನಗುನಗುತ್ತಲೇ ಇರುತ್ತಾರೆ, ಒಳಗೊಳಗೆ ಲೆಕ್ಕ ಬರೆದಿಟ್ಟುಕೊಳ್ಳುತ್ತಾರೆ. ಆ ಲೆಕ್ಕವೇ ಐಜಿಇ ಎಂಬ ಪ್ರತಿಕಾಯ. ಅದು ಮೂಗಿನ ಮಾಸ್ಟ್ ಕೋಶಗಳ ಮೈಮೇಲೆ ಹೋಗಿ ಕೂರುತ್ತದೆ. ಮುಂದಿನ ಸಲ ಅದೇ ಧೂಳು ಬಂದಾಗ, ಕಾಫಿ ಚೂರು ತಣ್ಣಗಿತ್ತೆಂದು ಬೀಗರು ಎಲೆ ಬಿಟ್ಟು ಎದ್ದಂತೆ, ಮಾಸ್ಟ್ ಕೋಶಗಳು ಒಳಗಿಟ್ಟುಕೊಂಡ ಹಿಸ್ಟಮಿನ್ ಹೊರಗೆ ಚೆಲ್ಲುತ್ತವೆ. ಉಳಿದದ್ದು ಇಡೀ ಪಾರ್ಕಿಗೆ ಕೇಳಿಸುತ್ತದೆ. ಎಲ್ಲರ ಬೀಗರೂ ಬರೀ ಸೀನಿಗೆ ಸುಮ್ಮನಾಗುವವರಲ್ಲ. ಕೆಲವರಿಗೆ ಕಡಲೆಕಾಯಿಗೋ ಜೇನುಹುಳದ ಕಡಿತಕ್ಕೋ ಉಸಿರು ಕಟ್ಟಿ, ರಕ್ತದೊತ್ತಡ ಕುಸಿಯುತ್ತದೆ. ಆಗ ಕಷಾಯದ ಮಾತು ಕೂಡದು. ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು ಬೀಳಬೇಕು, ತಕ್ಷಣ.

ಪಾರ್ಕಿನ ಸೀನಿಗೆ ರಾಯರು ಬೈಯುವುದು ಗುಲಾಬಿ ಬಣ್ಣದ ಟಬೂಬಿಯಾ ಹೂವನ್ನು. ಪಾಪದ ಹೂವು, ದುಂಬಿ, ಜೇನನ್ನು ಕರೆಯಲು ಸಿಂಗರಿಸಿಕೊಂಡದ್ದು, ಅದರ ಪರಾಗ ಗಾಳಿಯಲ್ಲಿ ಅಷ್ಟಾಗಿ ಹಾರದು. ಅನುಮಾನ ಹೋಗಬೇಕಾದದ್ದು ಬೇಲಿಯಾಚೆಯ ಖಾಲಿ ಸೈಟಿನ ಕಾಂಗ್ರೆಸ್ ಗಿಡದ ಕಡೆಗೆ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು ದೇಶವನ್ನೇ ಹಬ್ಬಿದ ಪಾರ್ಥೇನಿಯಂ ಇದು. ಇದನ್ನು ಮೇಯಲೆಂದು ಮೆಕ್ಸಿಕೋದ ಜೀರುಂಡೆಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲೇ ಬಿಟ್ಟರು. ಜೀರುಂಡೆ ಮೇಯುತ್ತಲೇ ಇದೆ, ಗಿಡ ಬೆಳೆಯುತ್ತಲೇ ಇದೆ, ರಾಯರು ಸೀನುತ್ತಲೇ ಇದ್ದಾರೆ.

ಇಷ್ಟರಲ್ಲಿ ತಂಗಿಯ ಮಗಳ ಮದುವೆ ಬಂತು.

ಭಾನುವಾರ ಧಾರೆ. ಶನಿವಾರ ಬೆಳಗ್ಗೆ ರಾಯರು ಬಚ್ಚಲ ಬಾಗಿಲು ಹಾಕಿಕೊಂಡು ಒಂದು ಗಂಟೆ ಹೊರಗೆ ಬರಲಿಲ್ಲ; ಬಂದಾಗ ಹತ್ತು ವರ್ಷ ಚಿಕ್ಕವರಾಗಿದ್ದರು. ಭಾನುವಾರ ಬದನೆಕಾಯಿ ಎಣ್ಣೆಗಾಯಿಯನ್ನು ಎರಡು ಸಲ ಬಡಿಸಿಕೊಂಡರು. ಸೋಮವಾರ ಬೆಳಗ್ಗೆ ಕಣ್ಣು ತೆರೆಯಲಾಗಲಿಲ್ಲ. ರೆಪ್ಪೆ ಊದಿ ಹೋಳಿಗೆಯಾಗಿತ್ತು, ಕಿವಿಯ ಹಿಂದೆ ನೀರು ಒಸರುತ್ತಿತ್ತು, ಹಣೆಯಂಚು ಕೆಂಪಗೆ ಉರಿಯುತ್ತಿತ್ತು. "ನಂಜು! ಬದನೆಕಾಯಿ ನಂಜು ಕಣೇ!" ಎಂದು ಅಡುಗೆ ಭಟ್ಟರಿಗೆ ಫೋನಾಯಿಸಿದರು.

"ನಾನೂರು ಎಲೆ ಎದ್ದಿದೆ ರಾಯರೇ. ನಿಮಗೊಬ್ಬರಿಗೇ ನಂಜಾಯ್ತೇ?" ಎಂದರು ಭಟ್ಟರು.

ಬದನೆಗೆ ಕೆಟ್ಟ ಹೆಸರು ಹಳೆಯದು. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಇದನ್ನೂ ಬಿಡದೆ 700ಕ್ಕೂ ಹೆಚ್ಚು ಜನರನ್ನು ವಿಚಾರಿಸಿದ್ದಾರೆ. ಬದನೆ ತನಗಾಗದು ಎಂದವರು ಶೇ. 9ರಷ್ಟು, ಪರೀಕ್ಷೆಯಲ್ಲಿ ಐಜಿಇ ಅಲರ್ಜಿ ಖಚಿತವಾದದ್ದು ಶೇ. 1ಕ್ಕಿಂತ ಕಡಿಮೆ ಮಂದಿಗೆ. ಅಂಥ ಅಲರ್ಜಿಯಾದರೂ ಸಾಮಾನ್ಯವಾಗಿ ಉಂಡ ಎರಡು ಗಂಟೆಯೊಳಗೆ ಮುಖ ತೋರಿಸುತ್ತದೆ, ಮರುದಿನದ ಮುಹೂರ್ತ ಕಾಯುವುದಿಲ್ಲ.

ಚರ್ಮದ ಡಾಕ್ಟರು ನೋಡಿದ ಕೂಡಲೇ ಕೇಳಿದರು: "ಕೂದಲಿಗೆ ಬಣ್ಣ ಹಾಕ್ತೀರಾ ಸಾರ್?"

ರಾಯರು ಉತ್ತರಿಸಲಿಲ್ಲ. ಅವರ ಮನೆಯವರು ಫ್ಯಾನಿನ ರೆಕ್ಕೆ ಎಣಿಸತೊಡಗಿದರು.

"ಹದಿನೈದು ವರ್ಷದಿಂದ ಹಾಕ್ತಿದ್ದೀನಿ. ಯಾವತ್ತೂ ಏನೂ ಆಗಿರಲಿಲ್ಲ" ಎಂದರು ಕೊನೆಗೆ.

"ಹದಿನೈದು ವರ್ಷದಲ್ಲಿ ಯಾವತ್ತೋ ನಿಮ್ಮ ಮೈ ಅದರ ಗುರುತು ಹಿಡಿದಿದೆ."

ಕಪ್ಪು ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕದ ಜೊತೆ ಜಗಳಕ್ಕೆ ನಿಂತದ್ದು ಐಜಿಇ ಅಲ್ಲ, ಟಿ ಕೋಶಗಳು. ಇವು ಸೇರಿ ಸಭೆ ನಡೆಸಿ ಗಲಾಟೆ ಶುರುಮಾಡಲು ಒಂದರಿಂದ ಮೂರು ದಿನ ಬೇಕು. ಬಣ್ಣದ ಡಬ್ಬಿಯ ಮೇಲೆ 48 ಗಂಟೆ ಮೊದಲು ಚೂರು ಹಚ್ಚಿ ನೋಡಿ ಎಂದು ಬರೆದಿರುವುದು ಅದಕ್ಕೇ. ಆ ಸಣ್ಣಕ್ಷರ ಓದಲು ಕನ್ನಡಕ ಬೇಕು, ರಾಯರು ಬಚ್ಚಲಿಗೆ ಕನ್ನಡಕ ಒಯ್ಯುವುದಿಲ್ಲ. ಅಲರ್ಜಿ ಎಂಬ ಪದವನ್ನು 1906ರಲ್ಲಿ ಟಂಕಿಸಿದವನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. 1963ರಲ್ಲಿ ಗೆಲ್ ಮತ್ತು ಕೂಂಬ್ಸ್ ಎಂಬ ಬ್ರಿಟಿಷ್ ವಿಜ್ಞಾನಿಗಳು ದೇಹದ ಈ ಅತಿರೇಕಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ರಾಯರ ಸೀನು ಮೊದಲನೆಯದು, ತಲೆಯದು ನಾಲ್ಕನೆಯದು.

ಡಾಕ್ಟರು ಇದನ್ನು ಹೇಳಿದ್ದೇ ತಪ್ಪಾಯಿತು. ಬಿಳಿಗೂದಲಿನ ರಾಯರು ಈಗ ಪಾರ್ಕಿನಲ್ಲಿ ಸೀನುವವರನ್ನೆಲ್ಲ ತಡೆದು, "ನಿಮ್ಮದು ಬರೀ ಟೈಪ್ ಒನ್ ಸ್ವಾಮಿ. ನನಗೆ ಅದೂ ಇದೆ, ಟೈಪ್ ಫೋರೂ ಇದೆ" ಎನ್ನುತ್ತಾರೆ.

ಮೊನ್ನೆ ಇನ್ನೊಂದು ಮದುವೆಯಲ್ಲಿ ಅದೇ ಭಟ್ಟರ ಅಡುಗೆ. ರಾಯರ ಎಲೆಗೆ ಎಣ್ಣೆಗಾಯಿ ಬಡಿಸಲು ಭಟ್ಟರು ಖುದ್ದು ಬಂದು ನಿಂತರು. ಅಷ್ಟರಲ್ಲಿ ಒಳಗೆ ಚುಂಯ್ ಎಂದು ಸದ್ದಾಯಿತು, ರಾಯರ ಮೂಗು ಮೇಲೆದ್ದಿತು.

"ಮೊದ್ಲೇ ಹೇಳಿಬಿಡ್ತೀನಿ ರಾಯರೇ" ಎಂದರು ಭಟ್ಟರು, ಸೌಟು ಹಿಂದಕ್ಕೆ ಎಳೆದುಕೊಂಡು, "ಈಗ ಬರೋದು ಒಣಮೆಣಸಿನಕಾಯಿ ಘಾಟಿನ ಸೀನು. ಅದಕ್ಕೆ ನಂಬರ್ ಕೊಡಬೇಡಿ."