ವೇಷ ಮರೆಸಿದವರ ಮೆರಿಟ್ ಲಿಸ್ಟು

"ಪೂಜೆ ಹತ್ತೂವರೆಗೆ. ಅಷ್ಟರೊಳಗೆ ನಿಮ್ಮ ಗೊಂಬೆಗಳನ್ನೆಲ್ಲ ಗಾಡಿ ಮಾಡಿ ನಿಲ್ಸಿದ್ರೆ ಕುಂಕುಮ ಉಂಟು. ಕೈಕಾಲು ಬಿಟ್ಕೊಂಡು ನಿಂತಿರೋವಕ್ಕೆ ನಾನು ಕುಂಕುಮ ಇಡಾಕಿಲ್ಲ, ಈಗ್ಲೇ ಹೇಳಿದೀನಿ."

ಆಯುಧಪೂಜೆ ದಿನ ಬೆಳಗ್ಗೆ ನನ್ನ ಮನೆಯವಳು ಹೊರಡಿಸಿದ ಆಜ್ಞೆ ಇದು. ಗೊಂಬೆಗಳು ಅಂದರೆ ದಸರಾ ಗೊಂಬೆಗಳಲ್ಲ. ಹಜಾರದ ಗಾಜಿನ ಬೀರುವಿನಲ್ಲಿರುವ ನನ್ನ ಆರು ರೋಬೋಟುಗಳು. ಮಡಚಿದರೆ ಲಾರಿ, ಬಿಚ್ಚಿದರೆ ಭಟ. ನನಗೆ ವಯಸ್ಸು ನಲವತ್ತೆಂಟು. ತಂದಿದ್ದು ಮಗನಿಗೆ ಅಂತಲೇ. ಮಗ ಎರಡು ದಿನ ಆಡಿ, ಮೂರನೇ ದಿನ ಕ್ರಿಕೆಟ್ ಬ್ಯಾಟು ಹಿಡಿದು ಕೆರೆ ಅಂಗಳಕ್ಕೆ ಹೋದವನು ಈಗ ಬೆಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾನೆ. ರೋಬೋಟುಗಳು ಮಾತ್ರ ಶಿರಾ ತಾಲ್ಲೂಕು ಗೌಡಗೆರೆಯಲ್ಲೇ ಬೇರು ಬಿಟ್ಟವು. ನಗಬೇಡಿ. ನಿಮ್ಮ ಮನೆ ಶೋಕೇಸಿನಲ್ಲಿ ಯಾರೂ ಕುಡಿಯದ ಟೀ ಸೆಟ್ಟು ಮದುವೆಯಾದಾಗಿಂದ ಕೂತಿಲ್ಲವೇ? ನನ್ನವು ಕೊನೇಪಕ್ಷ ಕೈಕಾಲು ಆಡಿಸುತ್ತವೆ.

ಇವಕ್ಕೆ ಟ್ರಾನ್ಸ್‌ಫಾರ್ಮರ್ ಅಂತ ಹೆಸರು. ಆ ಹೆಸರಿನಿಂದ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಮೊದಲ ಪಾರ್ಸಲ್ ಬಂದ ದಿನ, "ಏನ್ ಬಂತು?" ಅಂದವರಿಗೆ "ಟ್ರಾನ್ಸ್‌ಫಾರ್ಮರ್" ಅಂದುಬಿಟ್ಟೆ. ಸುಟ್ಟುಹೋದ ಟಿಸಿಗಾಗಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರಿಗಾಗಿ, ಹದಿನೈದು ದಿನದಿಂದ ಕಾಯುತ್ತ, ಒಣಗುತ್ತಿರೋ ಕಡಲೆಕಾಯಿ ಹೊಲ ನೋಡಿ ನಿಟ್ಟುಸಿರು ಬಿಡುತ್ತಿದ್ದ ನಾಲ್ಕು ಜನ ರೈತರು ಮನೆ ಬಾಗಿಲಿಗೇ ಬಂದರು. ಡಬ್ಬಿ ತೆಗೆದು ತೋರಿಸಿದೆ. ಅವರಲ್ಲಿ ಒಬ್ಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಎಷ್ಟು ಕೆವಿ?" ಅಂದರು. ಇವತ್ತಿಗೂ ಅವರು ಎದುರಾದರೆ ನಾನು ಆ ಕಡೆ ರಸ್ತೆ ಹಿಡಿಯುತ್ತೇನೆ.

ಇವುಗಳ ಪೂರ್ವೋತ್ತರ ಹೇಳಿಬಿಡುತ್ತೇನೆ. ಜಪಾನಿನ ಟಕಾರಾ ಕಂಪನಿ ಡಯಾಕ್ಲೋನ್, ಮೈಕ್ರೋಮ್ಯಾನ್ ಅಂತ ಎರಡು ಬಗೆಯ ಆಟಿಕೆ ಮಾಡುತ್ತಿತ್ತು. ಅಮೆರಿಕದ ಹ್ಯಾಸ್‌ಬ್ರೋದವರು ಅದರೊಳಗಿಂದ ಆರಿಸಿ ತಂದು, ಇವು ಜೀವ ಇರೋ ಯಂತ್ರಗಳು, ಬೇರೆ ಲೋಕದಿಂದ ಬಂದು ನಮ್ಮ ನಡುವೆ ಗಾಡಿಗಳ ವೇಷದಲ್ಲಿ ಅಡಗಿವೆ ಅಂತ ಕತೆ ಕಟ್ಟಿ 1984ರಲ್ಲಿ ಅಂಗಡಿಗಿಟ್ಟರು. ಆ ಇಸವಿ ನೋಡಿದಾಗೆಲ್ಲ ನನಗೆ ಒಳಗೊಳಗೇ ಹೆಮ್ಮೆ. ಯಾಕೆಂದರೆ ನಮ್ಮ ತುಮಕೂರು ಜಿಲ್ಲೆಯಲ್ಲಿ ವೇಷ ಬದಲಿಸುವ ಕಂಪನಿ ಹುಟ್ಟಿದ್ದು 1884ರಲ್ಲಿ. ಗುಬ್ಬಿ ನಾಟಕ ಕಂಪನಿ. ಲೆಕ್ಕ ಹಾಕಿ, ಸರಿಯಾಗಿ ನೂರು ವರ್ಷ ಮುಂದಿದ್ದೇವೆ.

ಆ ಗಾಳಿ ನಮ್ಮ ಕಡೆ ಇನ್ನೂ ನಿಂತಿಲ್ಲ. ಯಾವ ಹಳ್ಳಿಗೆ ಹೋದರೂ ಕುರುಕ್ಷೇತ್ರ ನಾಟಕದಲ್ಲಿ ಒಮ್ಮೆ ದುರ್ಯೋಧನ ಆದವರು ಒಬ್ಬರಾದರೂ ಸಿಗುತ್ತಾರೆ. ರಾತ್ರಿಯೆಲ್ಲ ಗದೆ ತಿರುಗಿಸಿ ತೊಡೆ ಮುರಿಸಿಕೊಂಡವರು ಬೆಳಗಿನ ಜಾವ ಕೆನ್ನೆ ಮೇಲೆ ಅರ್ಧ ಬಣ್ಣ ಇಟ್ಟುಕೊಂಡೇ ಡೇರಿ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತಿರುತ್ತಾರೆ. ಇಂಥ ಒಬ್ಬ ದುರ್ಯೋಧನರು ನನಗೆ ಚಿಕ್ಕಂದಿನಲ್ಲೇ ಹೇಳಿದ್ದರು: "ಬಣ್ಣ ಹಚ್ಕಂಡು ಮನೆ ಬಾಗ್ಲಿಗೆ ಬಂದ್ರೆ ನಮ್ ನಾಯೇ ನಮ್ಮನ್ನ ಬೊಗಳ್ಬೇಕು ಕಣ್ಲಾ. ಬಾಲ ಆಡಿಸ್ತು ಅಂದ್ರೆ ವೇಷ ಕೆಟ್ಟಂಗೆ."

ನನ್ನ ರೋಬೋಟುಗಳಿಗೆ ರ‍್ಯಾಂಕು ಕೊಡಲು ಇಷ್ಟು ವರ್ಷ ಬೆಲೆ ನೋಡಿದೆ, ಎತ್ತರ ನೋಡಿದೆ, ಡಬ್ಬಿ ಇದೆಯಾ ಇಲ್ಲವಾ ನೋಡಿದೆ. ಯಾವುದೂ ಕೂಡಿಬರಲಿಲ್ಲ. ಆಯುಧಪೂಜೆ ದಿನ ಎಲ್ಲವನ್ನೂ ಮಡಚುತ್ತ ಕೂತಾಗ ಆ ನಾಯಿಯ ನೆನಪಾಯಿತು. ಪಟ್ಟಿ ತಾನಾಗಿಯೇ ತಯಾರಾಯಿತು. ಕೆಳಗಿಂದ ಮೇಲಕ್ಕೆ ಹೇಳುತ್ತೇನೆ.

ಆರನೇ ಸ್ಥಾನ ಸ್ಟಾರ್‌ಸ್ಕ್ರೀಮ್‌ಗೆ. ಇವನು ಯುದ್ಧವಿಮಾನ, ಎಫ್-15. ಕತೆಯಲ್ಲಿ ಇವನ ಕೆಲಸ ಒಂದೇ: ತನ್ನ ನಾಯಕನಿಗೆ ಜೈಕಾರ ಹಾಕುತ್ತಲೇ ಅವನ ಕುರ್ಚಿಯ ಕಾಲು ಅಲ್ಲಾಡಿಸುವುದು. ಇಂಥವರನ್ನು ಎಲ್ಲೋ ನೋಡಿದ್ದೇವಲ್ಲ ಅಂತ ನಿಮಗೆ ಅನ್ನಿಸಿದರೆ ಅದು ನಿಮ್ಮ ಊರು, ನಮ್ಮೂರಲ್ಲ. ಇವನ ದೋಷ ಏನಪ್ಪ ಅಂದರೆ ಬಿಡಿಭಾಗ. ಮುಷ್ಟಿ ಬೇರೆ, ರೆಕ್ಕೆ ಬೇರೆ, ಬಾಲದ ರೆಕ್ಕೆ ಬೇರೆ, ಕ್ಷಿಪಣಿ ಬೇರೆ. ಎಲ್ಲವನ್ನೂ ಉಪ್ಪಿನಕಾಯಿ ಬಾಟಲಿಯಲ್ಲಿ ಹಾಕಿಟ್ಟಿದ್ದೇನೆ. ಮುಷ್ಟಿ ಈಗಲೂ ಸ್ವಲ್ಪ ಇಂಗು ವಾಸನೆ ಹೊಡೆಯುತ್ತದೆ. ಅದೂ ಇರಲಿ, ಯಾರ ಕಣ್ಣಿಗೂ ಬೀಳಬಾರದು ಅಂತ ವೇಷ ಹಾಕಿದವನು ಯುದ್ಧವಿಮಾನ ಆಗಿ ಬಂದು ಗೌಡಗೆರೆಯಲ್ಲಿ ನಿಂತರೆ ನಾಯಿ ಏನು, ಸುತ್ತ ಹತ್ತು ಹಳ್ಳಿ ಜನ ಎದ್ದು ಬರುತ್ತಾರೆ.

ಐದನೆಯವನು ಗ್ರಿಮ್‌ಲಾಕ್. 1985ರಲ್ಲಿ ಬಂದ ಡೈನೋಬಾಟ್ ತಂಡದ ಯಜಮಾನ, ಟಿರಾನೊಸಾರಸ್ ರೆಕ್ಸ್. ಬಲ ಇದೆ, ಗತ್ತು ಇದೆ. ಆದರೆ ಗುಟ್ಟಾಗಿ ಓಡಾಡಬೇಕು ಅಂತ ಡೈನೋಸಾರ್ ಆದವನ ಬುದ್ಧಿಗೆ ಏನು ಹೇಳೋಣ? ನಮ್ಮಮ್ಮ ಅವನನ್ನು ಕಂಡ ಕ್ಷಣ "ಬೀರುವಿನಾಗೆ ಓತಿಕ್ಯಾತ ಸೇರ್ಕಂಡೈತೆ" ಅಂತ ಪೊರಕೆ ತಂದಿದ್ದರು. ಆಯುಧಪೂಜೆಗೆ ಇವನನ್ನು ಯಾವ ಸಾಲಿನಲ್ಲಿ ನಿಲ್ಲಿಸುವುದು ಅನ್ನೋ ಪ್ರಶ್ನೆಯೂ ಬಂತು. ಗಾಡಿಯಲ್ಲ, ಆಯುಧವೂ ಅಲ್ಲ. "ದನಕರು ಲೆಕ್ಕ ಕಣ್ರೀ, ಸಂಕ್ರಾಂತಿಗೆ ಕಿಚ್ಚು ಹಾಯಿಸಿದ್ರಾಯ್ತು" ಅಂದಳು ಮನೆಯವಳು. ಪ್ಲಾಸ್ಟಿಕ್ಕು ಕಿಚ್ಚು ಹಾಯ್ದರೆ ಆಚೆ ಕಡೆ ಏನು ತಲುಪುತ್ತದೆ ಅಂತ ಯೋಚಿಸಿ, ಅವನನ್ನು ಮೆಲ್ಲಗೆ ಬೀರುವಿನ ಹಿಂದಿನ ಸಾಲಿಗೆ ಸರಿಸಿದೆ.

ನಾಲ್ಕನೇ ಸ್ಥಾನ ಡಿವಾಸ್ಟೇಟರ್‌ದು. ನನ್ನ ಬೀರುವಿನಲ್ಲೇ ಹೆಚ್ಚು ದುಡ್ಡು ನುಂಗಿದವನು, ಇಷ್ಟು ದಿನ ಮೊದಲ ಸ್ಥಾನದಲ್ಲಿ ಮೆರೆದವನು. ಇವನು ಒಬ್ಬನಲ್ಲ, ಆರು ಜನ. ಬುಲ್ಡೋಜರ್, ಲೋಡರ್, ನೆಲ ಅಗೆಯೋ ಯಂತ್ರ, ಟಿಪ್ಪರ್, ಕ್ರೇನು, ಕಾಂಕ್ರೀಟ್ ಮಿಕ್ಸರ್, ಆರೂ ಹಸಿರು. ಇವರು ಒಂದಾದರೆ ಒಬ್ಬ ಮಹಾಕಾಯ ಏಳುತ್ತಾನೆ. ಆದರೆ ತಮಾಷೆ ನೋಡಿ, ಆರು ತಲೆ ಸೇರಿದ ಮೇಲೆ ಅವನು ದಡ್ಡನಾಗುತ್ತಾನೆ. ಆರೂ ಜನ ಒಪ್ಪಿದ ವಿಚಾರವನ್ನಷ್ಟೇ ಅವನು ಮಾಡಬಲ್ಲ ಅಂತ ಕತೆ ಬರೆದವರೇ ಇಟ್ಟಿದ್ದಾರೆ. ಅವಿಭಕ್ತ ಕುಟುಂಬದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಯುಧಪೂಜೆ ದಿನ ಭಾಗ ಮಾಡಲು ಕೂತೆ. ಐದು ಜನ ತಮ್ಮ ತಮ್ಮ ಪಾಲು ತೆಗೆದುಕೊಂಡು ಗಾಡಿಗಳಾದರು. ಆರನೆಯವನಿಗೆ ಒಂದು ಕೈ ಸಿಗಲಿಲ್ಲ. ಈಗಲೂ ಸಿಕ್ಕಿಲ್ಲ. ಅಣ್ಣತಮ್ಮಂದಿರ ಭಾಗದಲ್ಲಿ ಒಂದಲ್ಲ ಒಂದು ಪಾತ್ರೆ ಹೀಗೆ ಮಾಯ ಆಗಿಯೇ ಆಗುತ್ತದೆ. ವೇಷದ ಮಾತಿಗೆ ಬಂದರೆ ಇವರು ಪೂರ್ತಿ ಫೇಲು. ನಮ್ಮೂರಲ್ಲಿ ಒಂದು ಜೆಸಿಬಿ ಬಂದು ಚರಂಡಿ ತೋಡಿದರೆ ನಲವತ್ತು ಜನ ಕೆಲಸ ಬಿಟ್ಟು ನಿಂತು ನೋಡುತ್ತಾರೆ. ಅಡಗಿಕೊಳ್ಳಲು ಬಂದವರು ಆಗೋ ಗಾಡಿಯೇ ಇದು?

ಮೂರನೆಯವನು ಬಂಬಲ್‌ಬೀ. ಅಂಗೈಯಲ್ಲಿ ಅಡಗುವ ಹಳದಿ ಫೋಕ್ಸ್‌ವ್ಯಾಗನ್ ಬೀಟಲ್. 2007ರ ಸಿನಿಮಾದಲ್ಲಿ ಇವನನ್ನು ಷೆವ್ರೊಲೆ ಕಮಾರೊ ಮಾಡಿ ಸ್ಟೈಲು ಏರಿಸಿದರು, 2018ರ ಸಿನಿಮಾದಲ್ಲಿ ಮತ್ತೆ ಬೀಟಲ್‌ಗೇ ಕರೆತಂದರು. ಪಟ್ಟಣಕ್ಕೆ ಹೋಗಿ ಪ್ಯಾಂಟು ಹಾಕಿದರೂ ಊರಿಗೆ ಬಂದ ಕೂಡಲೇ ಪಂಚೆ ಉಡುವ ಹುಡುಗನ ಹಾಗೆ. ಮಡಚುವುದು ಬಲು ಸಲೀಸು. ಕಾಲು ಒಳಕ್ಕೆ, ಕೈ ಒಳಕ್ಕೆ, ಮುಗಿಯಿತು. ಬಾಯಲ್ಲಿ ಹಾಕಿಕೊಂಡ ಹುರಿಗಡಲೆ ನುಣ್ಣಗಾಗುವುದರೊಳಗೆ ಕಾರು ಸಿದ್ಧ. ವೇಷವೂ ಅಚ್ಚುಕಟ್ಟು. ಆದರೆ ಬಣ್ಣ ಕೈಕೊಟ್ಟಿತು. ಪಕ್ಕದ ಮನೆ ಹುಡುಗ ನೋಡಿ, "ಹಳದಿ ಬೋರ್ಡ್ ಗಾಡಿಯಾ ಅಂಕಲ್? ಬಾಡಿಗೆಗೆ ಬತ್ತದಾ?" ಅಂದ. ಅಡಗಿರಬೇಕಾದ ವೀರನನ್ನು ಇವನು ಮದುವೆ ದಿಬ್ಬಣಕ್ಕೆ ಬುಕ್ ಮಾಡಲು ಹೊರಟಿದ್ದ.

ಎರಡನೇ ಸ್ಥಾನ ಆಪ್ಟಿಮಸ್ ಪ್ರೈಮ್‌ಗೆ. ಒಳ್ಳೆಯವರ ಗುಂಪಿನ ನಾಯಕ, ಕೆಂಪು ಮೂತಿಯ ಲಾರಿ, ಹಿಂದೆ ಉದ್ದನೆಯ ಟ್ರೈಲರ್. ನಮ್ಮದು ಹೆದ್ದಾರಿ ಬಗಲಿನ ತಾಲ್ಲೂಕು, ಹಗಲೂ ರಾತ್ರಿ ಶಿರಾ ಮೇಲೆ ಲಾರಿ ಹರಿಯುತ್ತಲೇ ಇರುತ್ತವೆ. ಇಲ್ಲಿ ಲಾರಿ ವೇಷ ಹಾಕಿದರೆ ದೇವರೇ ಬಂದರೂ ಗುರುತು ಸಿಗಲಿಕ್ಕಿಲ್ಲ ಅಂದುಕೊಂಡಿದ್ದೆ. ಮೂವತ್ತು ವರ್ಷ ಲಾರಿ ಓಡಿಸಿದ ನಮ್ಮ ಬೀದಿಯ ಮಾವ ಒಬ್ಬರು ಪ್ರಸಾದಕ್ಕೆ ಬಂದವರು ಕನ್ನಡಕ ಏರಿಸಿಕೊಂಡು ನೋಡಿದರು.

"ಅಳಿಯ, ಇದು ಆಳಾದಾಗ ಹಿಂದಿನ ಟ್ರೈಲರ್ ಎಲ್ಲೋಗ್ತದೆ?"

"ಕಾರ್ಟೂನಿನಾಗೆ ಅದು ತಾನೇ ಪಕ್ಕಕ್ಕೆ ಉರುಳ್ಕಂಡು ಮಾಯ ಆಗ್ತದೆ ಮಾವ. ಬೇಕಾದಾಗ ಮತ್ತೆ ಬತ್ತದೆ."

"ಮಾಯ ಆಗ್ತದಾ? ಲೋಡಿಗೆ ಯಾರಪ್ಪ ಜವಾಬ್ದಾರಿ? ಓನರ್‌ಗೆ ಏನಂತ ಹೇಳೋದು?"

ಉತ್ತರ ಹೊಳೆಯದೆ ಮಾತು ಬದಲಿಸಿದೆ. ಜಪಾನಿನ ಹಳೇ ಡಯಾಕ್ಲೋನ್ ಆಟಿಕೆಯಲ್ಲಿ ಲಾರಿಯೊಳಗೆ ಪುಟಾಣಿ ಡ್ರೈವರ್ ಕೂರುತ್ತಿದ್ದ. ಅಮೆರಿಕಕ್ಕೆ ಹೋದಾಗ ಲಾರಿಗೇ ಜೀವ ಬಂತು ಅಂತ ಕತೆ ಮಾಡಿ ಡ್ರೈವರನ್ನು ಕೈಬಿಟ್ಟರು. ಅವನ ಸೀಟು ಮಾತ್ರ ಕ್ಯಾಬಿನ್ನಿನೊಳಗೆ ಹಾಗೇ ಉಳಿಯಿತು ಅಂತ ತೆಗೆದು ತೋರಿಸಿದೆ. ಮಾವ ಆ ಖಾಲಿ ಸೀಟನ್ನು ಬಹಳ ಹೊತ್ತು ನೋಡಿದರು.

"ಸೀಟು ಮಡಗವ್ರೆ, ಆಳನ್ನ ತೆಗೆದವ್ರೆ. ನೋಡ್ದಾ, ಎಲ್ಲಾ ಕಡೆ ಹಿಂಗೇ." ಆಮೇಲೆ ಡ್ರೈವರ್ ಸಂಘದ ಪರವಾಗಿ ತೀರ್ಪು ಕೊಟ್ಟರು: "ಮುಂದ್ಗಡೆ ದೇವ್ರ ಹೆಸರಿಲ್ಲ, ಹಿಂದ್ಗಡೆ ಹಾರನ್ ಓಕೆ ಪ್ಲೀಸ್ ಇಲ್ಲ, ಒಂದು ಕರೀ ಕುಚ್ಚಿಲ್ಲ. ಇವನನ್ನ ಶಿರಾ ದಾಟೋಕ್ ಮುಂಚೆನೇ ಹಿಡೀತಾರೆ ಅಳಿಯ."

ನಾಯಕನ ವೇಷ ಅಲ್ಲಿಗೆ ಕಳಚಿತು. ಆದರೂ ಮಾವನೇ ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಹೋದರು. ಲಾರಿಗಿಂತ ನಿಂಬೆಹಣ್ಣೇ ಎತ್ತರ ಆಗಿ, ಆಪ್ಟಿಮಸ್ ಪ್ರೈಮ್ ಹಣ್ಣಿನ ಮೇಲೆ ಹತ್ತಿ ಹಿಂದಕ್ಕೆ ಮಗುಚಿದ.

ಇನ್ನು ಮೊದಲ ಸ್ಥಾನ. ಸೌಂಡ್‌ವೇವ್. ನೀಲಿ ಮೈ, ಖಳರ ಗುಂಪಿನವನು, ಮಾತು ಕಡಿಮೆ. ಇವನು ಗಾಡಿಯಲ್ಲ, ಟೇಪ್‌ರೆಕಾರ್ಡರ್. ಗುಂಡಿ ಒತ್ತಿದರೆ ಎದೆಯ ಬಾಗಿಲು ತೆರೆದು ಪುಟ್ಟ ಕ್ಯಾಸೆಟ್ಟು ಈಚೆ ಬರುತ್ತದೆ. ಆ ಕ್ಯಾಸೆಟ್ಟು ಬಿಚ್ಚಿದರೆ ಹಕ್ಕಿ. ಇವನ ಆಯುಧಗಳಂತೂ ಇನ್ನೂ ಕಿಲಾಡಿ: ಮಡಚಿದರೆ ಅಸಲು ಪೆನ್ಸಿಲ್ ಸೆಲ್ಲುಗಳಂತೆ ಕಾಣುತ್ತವೆ, ಬೆನ್ನಿನ ಬ್ಯಾಟರಿ ಗೂಡಿನಲ್ಲಿ ಹೋಗಿ ಮಲಗುತ್ತವೆ.

ಗಾಡಿಗಳ ಗಲಾಟೆಯಲ್ಲಿ ಇವನನ್ನು ನಾನು ಮರೆತೇಬಿಟ್ಟಿದ್ದೆ. ಹುಡುಕಿದರೆ ಬೀರುವಿನಲ್ಲಿ ಇಲ್ಲ. ದೇವರ ಮನೆಯಲ್ಲಿ ಕುಡುಗೋಲು, ಮಚ್ಚು, ಈಳಿಗೆಮಣೆ, ಹೊಲಿಗೆ ಮಿಷನ್ನಿನ ಕತ್ತರಿ ಇಟ್ಟ ಸಾಲಿನಲ್ಲಿ, ಅರಿಶಿನ ಕುಂಕುಮ ಇಡಿಸಿಕೊಂಡು, ತಲೆ ಮೇಲೆ ಒಂದು ಸೇವಂತಿಗೆ ಹೂವು ಇಟ್ಟುಕೊಂಡು ಗಂಭೀರವಾಗಿ ಕೂತಿದ್ದ. ಇಟ್ಟವರು ಅಮ್ಮ. ಅಪ್ಪನ ಕಾಲದಲ್ಲಿ ಮನೆಯ ಟೇಪ್‌ರೆಕಾರ್ಡರಿಗೆ ಪ್ರತಿ ಆಯುಧಪೂಜೆಯಲ್ಲೂ ಇದೇ ಜಾಗ, ಇದೇ ಮರ್ಯಾದೆ. ಕುರುಕ್ಷೇತ್ರದ ಪದಗಳನ್ನು ಅದರಲ್ಲಿ ಹಾಕಿ ಬೀದಿಗೆಲ್ಲ ಕೇಳಿಸುತ್ತಿದ್ದರು.

"ಇದು ಯಾವಾಗ ಸಿಕ್ತಮ್ಮ ನಿಂಗೆ?"

"ಆಗ್ಲೇ ಯುಗಾದಿಗೆ ಧೂಳು ಹೊಡೀವಾಗ ಕಂಡ್ನಪ್ಪ. ಈಗಿನ ಕಾಲದ್ದೆಲ್ಲ ಸಣ್ಣಸಣ್ಣಕ್ಕೆ ಮಾಡ್ತಾರೆ. ಆದ್ರೆ ಹಾಡ್ತಾ ಇಲ್ಲ ನೋಡು. ಹಿಂದ್ಗಡೆ ತೆಗೆದು ನೋಡ್ದೆ, ಸೆಲ್ಲು ಅವೆ ಎರಡು."

ಯುಗಾದಿಯಿಂದ ದಸರಾವರೆಗೆ ಆರು ತಿಂಗಳು. ಅಮ್ಮ ಅದನ್ನು ಸೆರಗಿನಲ್ಲಿ ಒರೆಸಿದ್ದಾರೆ, ಬಾಗಿಲು ತೆರೆದಿದ್ದಾರೆ, ಸೆಲ್ಲು ಕೂಡ ಪರೀಕ್ಷೆ ಮಾಡಿದ್ದಾರೆ. ಲಾರಿ ಮಾವನ ಕಣ್ಣಿಗೆ ನಾಯಕನೇ ಒಂದು ನಿಮಿಷ ನಿಲ್ಲಲಿಲ್ಲ. ಈ ನೀಲಿಯವನು ಆರು ತಿಂಗಳು ಅಮ್ಮನ ಕೈಯಲ್ಲೇ ಇದ್ದು ಸಿಕ್ಕಿಬೀಳಲಿಲ್ಲ. ಆ ದುರ್ಯೋಧನರು ಇದ್ದಿದ್ದರೆ ಎದ್ದು ಬಂದು ಇವನ ಬೆನ್ನು ತಟ್ಟುತ್ತಿದ್ದರು.

ಬಾಗಿಲಲ್ಲಿ ಮನೆಯವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಿಂತಿದ್ದಳು. ಅವಳಿಗೆ ಮೊದಲೇ ಗೊತ್ತಿತ್ತು ಅನ್ನೋದು ಅವಳ ಭುಜ ಕುಣಿಯುವುದರಲ್ಲೇ ತಿಳಿಯಿತು.

"ಕ್ಯಾಸೆಟ್ಟು ಸುತ್ಕೊಂಡಿರ್ಬೇಕು ಕಣಪ್ಪ. ನಿಮ್ಮಪ್ಪ ಪೆನ್ಸಿಲ್ ತೂರ್ಸಿ ತಿರುಗಿಸ್ತಿದ್ರಲ್ಲ, ಹಂಗೆ ಒಂಚೂರು ತಿರುಗ್ಸಿ ನೋಡು" ಅಂದರು ಅಮ್ಮ.

ನಾನು ಮಗನ ಹಳೇ ಕಂಪಾಸ್ ಪೆಟ್ಟಿಗೆಯಲ್ಲಿ ಪೆನ್ಸಿಲ್ ಹುಡುಕಲು ಹೋದೆ.