ಬೆವರು ಗ್ರಂಥಿಯ ಪಕ್ಷಾಂತರ ವಿಚಾರ

ಸ್ವಾಯತ್ತ ನರವ್ಯೂಹದಲ್ಲಿ ಪಕ್ಷಗಳು ಎರಡೇ ಎಂಬುದು ಶಾಸ್ತ್ರಪ್ರಸಿದ್ಧ. ಸಿಂಪಥೆಟಿಕ್ ಪಕ್ಷ ಗುಂಡಿಗೆಯ ಬಡಿತ ಏರಿಸಿ, ಕಣ್ಣಿನ ಪಾಪೆ ಹಿಗ್ಗಿಸಿ, ಹೊಡೆದಾಟಕ್ಕೆ ಅಣಿಮಾಡುತ್ತದೆ. ಪ್ಯಾರಾಸಿಂಪಥೆಟಿಕ್ ಪಕ್ಷ ಜೊಲ್ಲು ಸುರಿಸಿ, ಜಠರಕ್ಕೆ ಕೆಲಸ ಹಚ್ಚಿ, ಉಂಡವನನ್ನು ಮಲಗಿಸುತ್ತದೆ. ಮೊದಲನೆಯದರ ಚಿಹ್ನೆ ನಾರ್‌ಅಡ್ರಿನಲಿನ್, ಎರಡನೆಯದರದು ಅಸಿಟೈಲ್‌ಕೋಲಿನ್. (ನಡುದಾರಿಯ ಗ್ಯಾಂಗ್ಲಿಯಾನುಗಳಲ್ಲಿ ಎರಡೂ ಕಡೆಯವರು ಅಸಿಟೈಲ್‌ಕೋಲಿನನ್ನೇ ಹಂಚುತ್ತಾರೆ. ಅದು ಕಾರ್ಯಕರ್ತರ ಮಟ್ಟದ ವಿಷಯ, ಹೈಕಮಾಂಡಿನವರೆಗೆ ಒಯ್ಯಬೇಕಿಲ್ಲ.)

ಅಸಿಟೈಲ್‌ಕೋಲಿನ್ನಿನ ಹಿರಿಮೆ ಸಾರಿದ್ದು ಕಪ್ಪೆಗಳು. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ಆಟೊ ಲೋವಿ ಒಂದು ಕಪ್ಪೆಯ ಗುಂಡಿಗೆಯ ವೇಗಸ್ ನರವನ್ನು ಕೆಣಕಿ, ಆ ಗುಂಡಿಗೆ ನೆನೆದ ಉಪ್ಪುನೀರನ್ನು ಇನ್ನೊಂದಕ್ಕೆ ಎರೆದರು, ಅದೂ ನಿಧಾನವಾಯಿತು. 1921ರಲ್ಲಿ ಪ್ರಕಟವಾದ ಈ ಪ್ರಯೋಗ ಅವರಿಗೆ ಹೊಳೆದದ್ದು ಕನಸಿನಲ್ಲಿ. ಮೊದಲ ರಾತ್ರಿ ಗೀಚಿಟ್ಟ ಚೀಟಿ ಬೆಳಗ್ಗೆ ಅವರಿಗೇ ಓದಲಾಗಲಿಲ್ಲವಾಗಿ, ಮರುರಾತ್ರಿ ಅದೇ ಕನಸು ಮತ್ತೆ ಬೀಳಬೇಕಾಯಿತು. ಲೋವಿ ವೈದ್ಯಕೀಯ ಪದವೀಧರರು ಎಂಬುದನ್ನು ಇಲ್ಲಿ ನೆನೆಯತಕ್ಕದ್ದು.

ಈಗ ಪ್ರಕೃತಕ್ಕೆ ಬರೋಣ. ಬೆವರು ಗ್ರಂಥಿಗೆ ಬರುವ ನರ ಅಪ್ಪಟ ಸಿಂಪಥೆಟಿಕ್. ಬೆನ್ನುಹುರಿಯಲ್ಲಿ ಹೊರಡುವ ಠಾವಿನಿಂದ ಹಿಡಿದು ದಾಖಲೆಯೆಲ್ಲ ಶುದ್ಧ. ತುದಿಯಲ್ಲಿ ಮಾತ್ರ ಅದು ಸುರಿಸುವುದು ಅಸಿಟೈಲ್‌ಕೋಲಿನ್! 1934ರಲ್ಲಿ ಹೆನ್ರಿ ಡೇಲ್ ಮತ್ತು ಫೆಲ್ಡ್‌ಬರ್ಗ್ ಬೆಕ್ಕಿನ ಅಂಗಾಲಿನಲ್ಲಿ ಈ ಕಳವನ್ನು ಪತ್ತೆಹಚ್ಚಿದರು.

'ಹುಟ್ಟಿದಾಗಿನಿಂದಲೇ ಹಾಗಿದ್ದರೆ ಪಕ್ಷಾಂತರ ಹೇಗಾದೀತು?' ಎಂದು ಪೂರ್ವಪಕ್ಷಿಗಳು ಕೇಳಬಹುದು. ಆ ವಾದ ನಿಲ್ಲದು. ಇಲಿಮರಿಯಲ್ಲಿ ಈ ನರ ನಾರ್‌ಅಡ್ರಿನಲಿನ್ ಹಿಡಿದುಕೊಂಡೇ ಬೆವರು ಗ್ರಂಥಿಯ ಬಾಗಿಲಿಗೆ ಬರುತ್ತದೆ. ಗ್ರಂಥಿಯೇ ರಾಸಾಯನಿಕ ಸೂಚನೆ ಕಳಿಸಿ, ಕೆಲವೇ ವಾರಗಳಲ್ಲಿ ಅದನ್ನು ಒಲಿಸಿಕೊಳ್ಳುತ್ತದೆ. ರೆಸಾರ್ಟಿನ ಖರ್ಚೂ ಇಲ್ಲ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಷೆಡ್ಯೂಲು ಸಂಸದರನ್ನೂ ಶಾಸಕರನ್ನೂ ಕಟ್ಟಿಹಾಕಿತೇ ಹೊರತು ನರತಂತುಗಳ ಗೊಡವೆಗೆ ಹೋಗಲಿಲ್ಲ.

ಪ್ರತ್ಯಕ್ಷಪ್ರಮಾಣ ಬೇಕೆನ್ನುವವರು ಮಲೆನಾಡಿನ ಯಾವುದಾದರೂ ಮದುವೆಮನೆಯ ಜಗಲಿಯಲ್ಲಿ ಕೂರಲಿ. ರೂಢಿಯಿಲ್ಲದ ನೆಂಟ ಉಂಡಮೇಲೆ ಠೀವಿಯಿಂದ ಹಸಿ ಅಡಿಕೆ ಹಾಕಿಕೊಳ್ಳುತ್ತಾನೆ. ತುಸು ಹೊತ್ತಿಗೆ ಸೊಕ್ಕುತ್ತದೆ. ಬಾಯಿತುಂಬ ಜೊಲ್ಲು, ಹಣೆತುಂಬ ಬೆವರು. ಅಡಿಕೆಯೊಳಗಿನ ಅರೆಕೋಲಿನ್ ಅಸಿಟೈಲ್‌ಕೋಲಿನ್ನಿನ ವೇಷದಲ್ಲಿ ಬಂದು ಎರಡೂ ಗ್ರಂಥಿಗಳನ್ನು ಒಟ್ಟಿಗೆ ಎಬ್ಬಿಸಿ, ಒಳಒಪ್ಪಂದವನ್ನು ಬಯಲಿಗೆಳೆಯುತ್ತದೆ. ಉಮ್ಮತ್ತಿಯ ಅಟ್ರೋಪಿನ್ ಇದೇ ಎರಡನ್ನೂ ಒಟ್ಟಿಗೆ ಒಣಗಿಸುತ್ತದೆ. ಉಮ್ಮತ್ತಿ ಘೋರ ವಿಷವಾದ್ದರಿಂದ ಅಷ್ಟನ್ನು ಮಾತ್ರ ಓದುಗರು ಶಬ್ದಪ್ರಮಾಣವೆಂದೇ ಒಪ್ಪಿಕೊಳ್ಳತಕ್ಕದ್ದು.